ಯಾವ ಕಂಪನಿಯ ಕಂಪ್ಯೂಟರ್ ಕೊಳ್ಳಬೇಕು?

2006ರ ಆಗಸ್ಟ್ 14ರಂದು ಡೆಲ್ ಕಂಪನಿ ತನ್ನ ಲ್ಯಾಪ್‌ಟಾಪ್‌ಗಳ 41 ಲಕ್ಷ ಬ್ಯಾಟರಿಗಳನ್ನು ವಾಪಸ್ ಕರೆಸಿಕೊಂಡಿತು. ಕೆಲವು ಬ್ಯಾಟರಿಗಳು ಕಾದು ಬೆಂಕಿ ಹೊತ್ತಿಕೊಂಡಿದ್ದವು. ಸುದ್ದಿ ಓದಿ, ಡೆಲ್ ಸಹವಾಸವೇ ಬೇಡ ಎಂದು ಆಪಲ್ ಕಡೆ ತಿರುಗಿದವರಿಗೆ ನೆಮ್ಮದಿ ಉಳಿದದ್ದು ಹತ್ತೇ ದಿನ. ಆಗಸ್ಟ್ 24ರಂದು ಆಪಲ್ ಕೂಡ 18 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕೇಳಿತು. ಮುಂದಿನ ತಿಂಗಳು ಲೆನೊವೊ ಸರದಿ ಬಂತು; ಅದರದು ಐದು ಲಕ್ಷಕ್ಕೂ ಹೆಚ್ಚು. ತೊಶಿಬಾ, ಫುಜಿತ್ಸು ಕಂಪನಿಗಳೂ ಹೊರಗುಳಿಯಲಿಲ್ಲ. ಮುಚ್ಚಳದ ಮೇಲಿನ ಹೆಸರುಗಳು ಬೇರೆ ಬೇರೆ, ಬ್ಯಾಟರಿಯೊಳಗಿನ ಸೆಲ್ ಮಾತ್ರ ಎಲ್ಲದರಲ್ಲೂ ಸೋನಿಯದು.

ಪಿಯುಸಿ ಫಲಿತಾಂಶ ಬಂದು ಕಾಲೇಜು ಸೇರುವ ಹೊತ್ತಿಗೆ ಕಂಪ್ಯೂಟರ್ ಅಂಗಡಿಗಳಲ್ಲಿ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ‘ಯಾವ ಕಂಪನಿದು ಒಳ್ಳೇದು?’ ಎಂಬುದು. ಉತ್ತರಕ್ಕೂ ಬರವಿಲ್ಲ. ಆ ಕಂಪನಿದು ಬೇಗ ಬಿಸಿ ಆಗುತ್ತೆ, ಈ ಕಂಪನಿದು ಹಿಂಜ್ ಮುರಿಯುತ್ತೆ, ನಮ್ಮ ಭಾವನ ಮನೇಲಿ ಏಳು ವರ್ಷದಿಂದ ಒಂದೇ ಲ್ಯಾಪ್‌ಟಾಪ್ ಓಡ್ತಿದೆ ಎಂಬ ಮಾತುಗಳು ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತವೆ. ಇವು ಸುಳ್ಳೇನಲ್ಲ. ಆದರೆ ಒಂದು ಕಂಪನಿ ಮಾರುವ ನೂರಾರು ಮಾದರಿಗಳಲ್ಲಿ ಯಾವುದೋ ಒಂದರ ಅನುಭವ ಇಡೀ ಕಂಪನಿಯ ಜಾತಕವಾಗಿಬಿಡುತ್ತದೆ. ಹಾಗಾದರೆ ಬ್ರ್ಯಾಂಡ್ ನೋಡಿ ಕೊಳ್ಳುವುದರಲ್ಲಿ ಹುರುಳೇ ಇಲ್ಲವೆ? ಇದೆ, ಜನ ಹುಡುಕುವ ಜಾಗದಲ್ಲಿ ಇಲ್ಲ ಅಷ್ಟೆ.

ಮೊದಲು ತಯಾರಿಕೆಯ ಮಾತು. ಜಗತ್ತಿನ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ತಯಾರಾಗುವುದು ತೈವಾನಿನ ಕೆಲವೇ ಗುತ್ತಿಗೆ ಕಂಪನಿಗಳಲ್ಲಿ: ಕ್ವಾಂಟಾ, ಕಂಪಾಲ್, ವಿಸ್ಟ್ರಾನ್, ಇನ್ವೆಂಟೆಕ್, ಪೆಗಾಟ್ರಾನ್. ಇವುಗಳ ದೊಡ್ಡ ಕಾರ್ಖಾನೆಗಳು ಬಹುಕಾಲ ಚೀನಾದ ಶಾಂಘೈ, ಕುನ್‌ಶಾನ್, ಚಾಂಗ್‌ಚಿಂಗ್ ಸುತ್ತಮುತ್ತ ಇದ್ದವು. ಈಗ ವಿಯೆಟ್ನಾಂ, ಥಾಯ್ಲೆಂಡ್ ಕಡೆಗೂ ಹರಡುತ್ತಿವೆ. ವಿಸ್ಟ್ರಾನ್ ಹುಟ್ಟಿದ್ದು ಏಸರ್‌ನ ಹೊಟ್ಟೆಯಿಂದ, ಪೆಗಾಟ್ರಾನ್ ಒಡೆದು ಬಂದದ್ದು ಅಸುಸ್‌ನಿಂದ. ಹುಟ್ಟಿದ ಮನೆಗೆ ಮಾತ್ರ ದುಡಿಯದೆ ಇವು ಪೈಪೋಟಿಯ ಕಂಪನಿಗಳಿಗೂ ಮಾಡಿಕೊಡುತ್ತವೆ. ಒಂದೇ ಮಗ್ಗದ ಸೀರೆಗೆ ಬೇರೆ ಬೇರೆ ಅಂಗಡಿಯ ಚೀಟಿ ಬೀಳುವಂತೆ, ಪೈಪೋಟಿಗಿಳಿದ ಎರಡು ಹೆಸರುಗಳ ಲ್ಯಾಪ್‌ಟಾಪ್‌ಗಳು ಒಂದೇ ಗುತ್ತಿಗೆದಾರನಿಂದ ಬಂದಿರುವುದು ಸಾಮಾನ್ಯ. ಪ್ರೊಸೆಸರ್ ಹೆಚ್ಚಾಗಿ ಇಂಟೆಲ್ ಅಥವಾ ಎಎಂಡಿಯದು, ರ‍್ಯಾಮ್‌ನ ಚಿಪ್ ಬಹುತೇಕ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಅಥವಾ ಮೈಕ್ರಾನ್‌ದು. ಸ್ವಂತ ಪ್ರೊಸೆಸರ್ ಮಾಡಿಸಿಕೊಳ್ಳುವ ಆಪಲ್ ಕೂಡ ಜೋಡಣೆಯ ಕೆಲಸವನ್ನು ಇಂಥ ಗುತ್ತಿಗೆದಾರರಿಗೇ ಬಿಟ್ಟಿದೆ.

ಹೀಗಾಗಿ ಬಿಡಿಭಾಗ ಕೆಟ್ಟರೆ ಹಲವು ಹೆಸರುಗಳು ಒಟ್ಟಿಗೆ ಕೆಡುತ್ತವೆ. ಸೋನಿ ಸೆಲ್ ಒಂದೇ ಉದಾಹರಣೆಯಲ್ಲ. 2000ದ ದಶಕದ ಆರಂಭದಲ್ಲಿ ಮದರ್‌ಬೋರ್ಡ್‌ಗಳ ಕಳಪೆ ಕೆಪಾಸಿಟರ್‌ಗಳು ಉಬ್ಬಿ ಒಡೆದು ಡೆಲ್‌ನ ಆಪ್ಟಿಪ್ಲೆಕ್ಸ್‌ಗಳೂ ಆಪಲ್‌ನ ಐಮ್ಯಾಕ್‌ಗಳೂ ನಿಂತುಹೋದವು. 2008ರಲ್ಲಿ ಎನ್‌ವಿಡಿಯಾದ ಕೆಲವು ಗ್ರಾಫಿಕ್ಸ್ ಚಿಪ್‌ಗಳ ಬೆಸುಗೆ ಬಿಸಿಗೆ ಬಿರುಕು ಬಿಡುತ್ತಿದ್ದುದು ಬಯಲಾದಾಗ ಎಚ್‌ಪಿ, ಡೆಲ್, ಆಪಲ್ ಮೂರಕ್ಕೂ ಪೆಟ್ಟು ಬಿತ್ತು.

ಕಂಪನಿಯೇ ಕೈಯಾರೆ ತಂದುಕೊಂಡ ತೊಂದರೆಗಳ ಬಗೆ ಬೇರೆ. ತೆಳ್ಳಗಿನ ಲ್ಯಾಪ್‌ಟಾಪ್ ಮಾಡುವ ಹಟದಲ್ಲಿ ಆಪಲ್ 2015ರಲ್ಲಿ ‘ಬಟರ್‌ಫ್ಲೈ’ ಎಂಬ ಕೀಬೋರ್ಡ್ ತಂದಿತು. ಚೂರು ದೂಳು ಹೊಕ್ಕರೂ ಅದರ ಕೀಲಿಗಳು ಅಂಟಿಕೊಳ್ಳುತ್ತಿದ್ದವು. 2018ರಲ್ಲಿ ಉಚಿತ ದುರಸ್ತಿಯ ಯೋಜನೆ ಬಂತು, 2019ರ ಕೊನೆಯಿಂದ ಆ ವಿನ್ಯಾಸವೇ ಹಿಂದೆ ಸರಿಯಿತು. ಲೆನೊವೊ 2014ರಲ್ಲಿ ಮಾರಿದ ಕೆಲವು ಮನೆಬಳಕೆಯ ಲ್ಯಾಪ್‌ಟಾಪ್‌ಗಳಲ್ಲಿ ‘ಸೂಪರ್‌ಫಿಶ್’ ಎಂಬ ಜಾಹೀರಾತು ತಂತ್ರಾಂಶವನ್ನು ಸೇರಿಸಿ ಕೊಟ್ಟಿತ್ತು. ಬ್ಯಾಂಕಿನ ಜಾಲತಾಣದ ಸುರಕ್ಷಿತ ಸಂಪರ್ಕದ ನಡುವೆಯೂ ಅದು ತೂರಿಕೊಳ್ಳಬಲ್ಲದ್ದಾಗಿತ್ತು. 2015ರ ಫೆಬ್ರುವರಿಯಲ್ಲಿ ಗುಟ್ಟು ರಟ್ಟಾಯಿತು. ಅದೇ ಲೆನೊವೊದ ಥಿಂಕ್‌ಪ್ಯಾಡ್ ಸರಣಿಯಲ್ಲಿ ಆ ತಂತ್ರಾಂಶ ಇರಲಿಲ್ಲ. ಕಚೇರಿಗಳಿಗೆ ಮಾರುವ ಮಾಲಿಗೆ ಒಂದು ನೀತಿ, ಮನೆಗಳಿಗೆ ಮಾರುವ ಮಾಲಿಗೆ ಇನ್ನೊಂದು ಎಂಬುದು ಆ ಪ್ರಕರಣದಲ್ಲಿ ಎದ್ದು ಕಂಡಿತು.

ಹೆಸರನ್ನೇ ನಂಬುವವರು ಆ ಹೆಸರು ಯಾರ ಕೈಯಲ್ಲಿದೆ ಎಂದೂ ನೋಡಬೇಕಾಗುತ್ತದೆ. ಥಿಂಕ್‌ಪ್ಯಾಡನ್ನು 1992ರಲ್ಲಿ ತಂದದ್ದು ಐಬಿಎಂ. 2005ರಲ್ಲಿ ಅದರ ಪಿಸಿ ವಿಭಾಗವನ್ನು ಲೆನೊವೊ ಸುಮಾರು 125 ಕೋಟಿ ಡಾಲರ್ ತೆತ್ತು ಕೊಂಡುಕೊಂಡಿತು. ಕಾಂಪ್ಯಾಕ್ 2002ರಲ್ಲಿ ಎಚ್‌ಪಿಯಲ್ಲಿ ಕರಗಿತು. ಎನ್‌ಇಸಿ, ಫುಜಿತ್ಸು ಹೆಸರಿನ ಪಿಸಿ ವ್ಯವಹಾರಗಳು ಲೆನೊವೊದ ತೆಕ್ಕೆಗೆ ಹೋದವು. ಲ್ಯಾಪ್‌ಟಾಪ್ ಯುಗವನ್ನು ಆರಂಭಿಸಿದ ಕಂಪನಿಗಳಲ್ಲಿ ಒಂದಾದ ತೊಶಿಬಾ 2018ರಲ್ಲಿ ತನ್ನ ವಿಭಾಗದ ಹೆಚ್ಚಿನ ಪಾಲನ್ನು ಶಾರ್ಪ್‌ಗೆ ಮಾರಿ, 2020ರಲ್ಲಿ ಪೂರ್ತಿ ಹೊರನಡೆಯಿತು. ಸೋನಿ ತನ್ನ ವಾಯೋವನ್ನು 2014ರಲ್ಲೇ ಮಾರಿತ್ತು.

ನಮ್ಮ ಹೆಸರುಗಳೂ ಇದ್ದವು. 1976ರಲ್ಲಿ ಶುರುವಾದ ಎಚ್‌ಸಿಎಲ್, 1980ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಕಂಪ್ಯೂಟರ್ ವಿನ್ಯಾಸ ಮಾಡಿ ಮೈಸೂರಿನಲ್ಲಿ ತಯಾರಿಸಿದ ವಿಪ್ರೊ, ಮುಂಬೈನ ಜೆನಿತ್ ಕಂಪನಿಗಳ ಬಿಳಿ ಪೆಟ್ಟಿಗೆಗಳು ಒಂದು ಕಾಲದಲ್ಲಿ ಬ್ಯಾಂಕು, ಕಾಲೇಜುಗಳ ಮೇಜಿನ ಮೇಲೆ ಸಾಲಾಗಿ ಕೂತಿದ್ದವು. 1997ರಲ್ಲಿ ಭಾರತ ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದದಂತೆ ಕಂಪ್ಯೂಟರ್ ಆಮದಿನ ಸುಂಕ ಮೆಟ್ಟಿಲಿಳಿಯುತ್ತಾ ಶೂನ್ಯಕ್ಕೆ ಬಂತು. ಚೀನಾದಲ್ಲಿ ಕೋಟಿಗಟ್ಟಲೆ ತಯಾರಾಗುವ ಮಾಲಿನ ಬೆಲೆಗೆ ಇಲ್ಲಿನವರು ಮಾರಲಾಗಲಿಲ್ಲ. ವಿಪ್ರೊ 2013ರಲ್ಲಿ ಸ್ವಂತ ಪಿಸಿ ತಯಾರಿಕೆ ನಿಲ್ಲಿಸಿತು, ಎಚ್‌ಸಿಎಲ್ ಕೂಡ ಅದರ ಆಸುಪಾಸಿನಲ್ಲೇ ಕೈಬಿಟ್ಟಿತು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಲ್ಯಾಪ್‌ಟಾಪ್ ಆಮದಿಗೆ ಪರವಾನಗಿ ಕಡ್ಡಾಯ ಮಾಡಲು ಹೊರಟು, ಮರುದಿನವೇ ಮುಂದೂಡಿ, ಕೊನೆಗೆ ಆಮದಿಗೆ ಮುಂಚೆ ಅನುಮತಿ ಪಡೆಯುವ ಸಡಿಲ ವ್ಯವಸ್ಥೆಗೆ ಒಪ್ಪಿತು. ಅದೇ ವರ್ಷದ ಮೇ ತಿಂಗಳಲ್ಲಿ ದೇಶದೊಳಗೆ ತಯಾರಿಸುವವರಿಗೆ ₹17,000 ಕೋಟಿಯ ಪ್ರೋತ್ಸಾಹಧನದ ಯೋಜನೆಗೂ ಒಪ್ಪಿಗೆ ಸಿಕ್ಕಿತ್ತು. ಇವತ್ತು ಪುದುಚೇರಿ, ಶ್ರೀಪೆರುಂಬುದೂರು ಮುಂತಾದ ಕಡೆ ಲ್ಯಾಪ್‌ಟಾಪ್‌ಗಳು ಜೋಡಣೆಯಾಗುತ್ತಿವೆ. ಹೆಸರು ಹೊರಗಿನದೇ, ಚಿಪ್ ಹಾಗೂ ಪರದೆಗಳೂ ಹೊರಗಿನವೇ.

2024ರಲ್ಲಿ ಭಾರತದ ಮಾರುಕಟ್ಟೆಗೆ ಸುಮಾರು 1.4 ಕೋಟಿ ಪಿಸಿಗಳು ಬಂದವು. ಹತ್ತರಲ್ಲಿ ಮೂರು ಎಚ್‌ಪಿಯವು. ಲೆನೊವೊ, ಡೆಲ್, ಏಸರ್, ಅಸುಸ್ ನಂತರದ ಸ್ಥಾನಗಳಲ್ಲಿದ್ದವು. ಜಗತ್ತಿನಲ್ಲಿ ಮೊದಲ ಸ್ಥಾನ ಲೆನೊವೊದ್ದು. ಹೆಚ್ಚು ಮಾರಾಟವಾಗುವುದಕ್ಕೂ ಹೆಚ್ಚು ಬಾಳಿಕೆ ಬರುವುದಕ್ಕೂ ನೇರ ನಂಟು ಇಲ್ಲ. ಹೆಚ್ಚು ಮಾರಾಟವಾಗುವ ಮಾಲಿಗೆ ಊರೂರಲ್ಲಿ ರಿಪೇರಿಯವರು, ಬಿಡಿಭಾಗಗಳು ಸಿಗುತ್ತವೆ ಎಂಬುದಷ್ಟೇ ಲಾಭ, ಅದೂ ಸಣ್ಣದಲ್ಲ.

ಬಾಳಿಕೆಯನ್ನು ಅಳೆದ ಅಂಕಿಸಂಖ್ಯೆ ಸಿಗುವುದು ಕಷ್ಟ. ಯಾವ ಕಂಪನಿಯೂ ತನ್ನ ಮಾಲು ಎಷ್ಟು ಕೆಟ್ಟಿತೆಂದು ಪ್ರಕಟಿಸುವುದಿಲ್ಲ. ಬಹಿರಂಗವಾದ ಕೆಲವೇ ಲೆಕ್ಕಗಳಲ್ಲಿ ಒಂದು, ವಿಸ್ತರಿತ ವಾರಂಟಿ ಮಾರುವ ಅಮೆರಿಕದ ಸ್ಕ್ವೇರ್‌ಟ್ರೇಡ್ ಕಂಪನಿ 2009ರಲ್ಲಿ 30,000 ಲ್ಯಾಪ್‌ಟಾಪ್‌ಗಳನ್ನು ಆಧರಿಸಿ ಕೊಟ್ಟದ್ದು. ಮೂರು ವರ್ಷದೊಳಗೆ ತಾನಾಗಿ ಕೆಡುವ ಪ್ರಮಾಣ ಅಸುಸ್‌ನಲ್ಲಿ ಶೇ 15.6, ತೊಶಿಬಾದಲ್ಲಿ ಶೇ 15.7, ಪಟ್ಟಿಯ ಕೊನೆಯಲ್ಲಿದ್ದ ಎಚ್‌ಪಿಯಲ್ಲಿ ಶೇ 25.6 ಇತ್ತು. ಬಿದ್ದು ಒಡೆದವು, ನೀರು ಬಿದ್ದವೂ ಸೇರಿದರೆ ಹತ್ತರಲ್ಲಿ ಮೂರು ಲ್ಯಾಪ್‌ಟಾಪ್‌ಗಳು ಮೂರು ವರ್ಷ ಪೂರೈಸುವುದರೊಳಗೆ ರಿಪೇರಿ ಕಾಣುತ್ತಿದ್ದವು. ಒಟ್ಟಿನಲ್ಲಿ ದುಬಾರಿ ಲ್ಯಾಪ್‌ಟಾಪ್‌ಗಳಿಗಿಂತ ನೆಟ್‌ಬುಕ್ ಎಂಬ ಅಗ್ಗದ ಪುಟ್ಟ ಲ್ಯಾಪ್‌ಟಾಪ್‌ಗಳು ಹೆಚ್ಚು ಕೆಡುತ್ತಿದ್ದವು ಎಂದೂ ಅದೇ ವರದಿ ಹೇಳಿತು. ವ್ಯತ್ಯಾಸ ಇದ್ದದ್ದು ನಿಜ. ಆದರೆ ಪಟ್ಟಿಯ ಮೇಲಿನ ಸಾಲಿನ ತೊಶಿಬಾ ಈಗ ಕಣದಲ್ಲೇ ಇಲ್ಲ, ಉಳಿದ ಕಂಪನಿಗಳ ಮಾದರಿಗಳು ಹತ್ತು ಸಲ ಬದಲಾಗಿವೆ. ಹಳೆಯ ಪಟ್ಟಿ ಹಿಡಿದು ಇವತ್ತಿನ ಲ್ಯಾಪ್‌ಟಾಪ್ ಆರಿಸಲು ಬರುವುದಿಲ್ಲ.

ಈ ಕಾರಣಕ್ಕೇ ಜಾಣ ಗಿರಾಕಿ ಕಂಪನಿಗಿಂತ ಮೊದಲು ಸರಣಿಯನ್ನು ನೋಡುತ್ತಾನೆ. ಎಚ್‌ಪಿಯೊಳಗೇ ಎಲೈಟ್‌ಬುಕ್ ಇದೆ, ಅಗ್ಗದ ಎಚ್‌ಪಿ 15 ಇದೆ. ಲೆನೊವೊದಲ್ಲಿ ಥಿಂಕ್‌ಪ್ಯಾಡ್ ಇದೆ, ಐಡಿಯಾಪ್ಯಾಡ್ ಇದೆ; ಥಿಂಕ್‌ಪ್ಯಾಡ್‌ನಲ್ಲೇ ‘ಟಿ’ ಬೇರೆ, ಕಡಿಮೆ ಬೆಲೆಯ ‘ಇ’ ಬೇರೆ. ಅಸುಸ್‌ನ ಎಕ್ಸ್‌ಪರ್ಟ್‌ಬುಕ್ ಕಚೇರಿಗೆ, ವಿವೋಬುಕ್ ಮನೆಗೆ, ಟಫ್ ಮತ್ತು ಆರ್‌ಒಜಿ ಆಟಗಾರರಿಗೆ. ಕಚೇರಿ ಸರಣಿಗಳನ್ನು ಕಂಪನಿಗಳು ಸಾವಿರಗಟ್ಟಲೆ ಒಂದೇ ಸಲ ಕೊಳ್ಳುತ್ತವೆ, ಮೂರ್ನಾಲ್ಕು ವರ್ಷ ಓಡಿಸುತ್ತವೆ, ಕೆಟ್ಟರೆ ಸುಮ್ಮನಿರುವುದಿಲ್ಲ. ಹಾಗಾಗಿ ಅವುಗಳ ಹಿಂಜ್, ಕೀಬೋರ್ಡ್, ದೇಹದ ಲೋಹ ಗಟ್ಟಿ ಇರುತ್ತವೆ. ಬಿಚ್ಚಿ ರಿಪೇರಿ ಮಾಡುವ ಕೈಪಿಡಿ ಬಹಿರಂಗವಾಗಿ ಸಿಗುತ್ತದೆ. ಬಿಡಿಭಾಗ ವರ್ಷಗಟ್ಟಲೆ ದಾಸ್ತಾನಿರುತ್ತದೆ. ಒಂದು ಕಂಪನಿಯ ಎರಡು ಸರಣಿಗಳ ನಡುವಿನ ಅಂತರ ಎರಡು ಕಂಪನಿಗಳ ಸಮಾನ ಸರಣಿಗಳ ನಡುವಿನ ಅಂತರಕ್ಕಿಂತ ಎಷ್ಟೋ ದೊಡ್ಡದು.

ಹೆಸರುಗಳು ಒಂದು ಕಡೆ ನಿಲ್ಲುವುದೂ ಇಲ್ಲ. ಡೆಲ್ 2025ರ ಜನವರಿಯಲ್ಲಿ ಇನ್‌ಸ್ಪಿರಾನ್, ಲ್ಯಾಟಿಟ್ಯೂಡ್, ಎಕ್ಸ್‌ಪಿಎಸ್ ಎಲ್ಲವನ್ನೂ ಕೈಬಿಟ್ಟು ಡೆಲ್, ಡೆಲ್ ಪ್ರೊ, ಡೆಲ್ ಪ್ರೊ ಮ್ಯಾಕ್ಸ್ ಎಂಬ ಹೊಸ ನಾಮಕರಣ ಮಾಡಿತು. ಒಂದೇ ವರ್ಷದಲ್ಲಿ ಮನಸ್ಸು ಬದಲಾಯಿಸಿ ಎಕ್ಸ್‌ಪಿಎಸ್ ಅನ್ನು ಮತ್ತೆ ತಂದಿತು. ಎಚ್‌ಪಿ ಪೆವಿಲಿಯನ್, ಎನ್ವಿಗಳ ಜಾಗಕ್ಕೆ ಆಮ್ನಿಬುಕ್ ಎಂಬ ತನ್ನದೇ ಹಳೆಯ ಹೆಸರನ್ನು 2024ರಲ್ಲಿ ಎತ್ತಿಕೊಂಡಿತು.

ಪ್ರೊಸೆಸರ್‌ನ ಹೆಸರಿನಲ್ಲಿ ಇದಕ್ಕಿಂತ ದೊಡ್ಡ ಗೋಜಲು. ‘ರೈಜನ್ 5’ ಎಂಬ ಒಂದೇ ಸ್ಟಿಕ್ಕರ್ ಅಂಟಿಸಿಕೊಂಡ ಮೂರು ಲ್ಯಾಪ್‌ಟಾಪ್‌ಗಳನ್ನು ನೋಡಬಹುದು: 7520ಯು, 7530ಯು, 7540ಯು. ಸಂಖ್ಯೆಯ ಮೂರನೆಯ ಅಂಕಿ ಒಳಗಿನ ವಿನ್ಯಾಸದ ತಲೆಮಾರನ್ನು ಹೇಳುತ್ತದೆ. ಮೊದಲನೆಯದು 2019ರ ಜೆನ್ 2 ವಿನ್ಯಾಸದ ನಾಲ್ಕು ಕೋರ್‌ಗಳದು, ಎರಡನೆಯದು ಜೆನ್ 3ರ ಆರು ಕೋರ್‌ಗಳದು, ಮೂರನೆಯದು ಜೆನ್ 4ರ ಆರು ಕೋರ್‌ಗಳದು. ಅಂಗಡಿಯ ಚೀಟಿಯಲ್ಲಿ ಮೂರೂ ‘ರೈಜನ್ 5, 7000 ಸರಣಿ’. ಇಂಟೆಲ್‌ನಲ್ಲಿ ಕೊನೆಯ ಅಕ್ಷರ ಮುಖ್ಯ: ಐ5-1235ಯು 15 ವಾಟ್‌ನ ಮಿತವ್ಯಯಿ, ಐ5-12450ಎಚ್ 45 ವಾಟ್‌ನ ದುಡಿಮೆಗಾರ. 2023ರ ಡಿಸೆಂಬರ್‌ನಲ್ಲಿ ‘ಕೋರ್ ಅಲ್ಟ್ರಾ’ ಬಂದ ಮೇಲೆ ‘ಅಲ್ಟ್ರಾ’ ಇಲ್ಲದ ‘ಕೋರ್ 5’, ‘ಕೋರ್ 7’ ಎಂಬ ಹೊಸ ಹೆಸರಿನಲ್ಲಿ ಹಳೆಯ ವಿನ್ಯಾಸದ ಚಿಪ್‌ಗಳೂ ಮಾರಾಟವಾಗುತ್ತಿವೆ.

ಆಟ ಆಡುವವರಿಗೆ, ವಿಡಿಯೊ ಎಡಿಟಿಂಗ್ ಮಾಡುವವರಿಗೆ ಗ್ರಾಫಿಕ್ಸ್ ಕಾರ್ಡಿನದು ಇನ್ನೊಂದು ಬಲೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್‌ಗೆ 35 ವಾಟ್‌ನಿಂದ 115 ವಾಟ್‌ವರೆಗೆ ಎಷ್ಟು ವಿದ್ಯುತ್ ಕೊಡಬೇಕೆಂದು ತೀರ್ಮಾನಿಸುವುದು ಲ್ಯಾಪ್‌ಟಾಪ್ ಕಂಪನಿ. ತೆಳ್ಳನೆಯ ದೇಹದಲ್ಲಿ ಬಿಸಿ ಹೊರಹಾಕಲಾಗದೆ ಕಡಿಮೆ ವಾಟ್‌ನಲ್ಲಿ ಓಡುವ 4060, ದಪ್ಪ ಲ್ಯಾಪ್‌ಟಾಪಿನ 4060ರ ಮುಂದೆ ಏದುಸಿರು ಬಿಡುತ್ತದೆ. ಪರದೆಯಲ್ಲೂ ಹೀಗೇ. ‘15.6 ಇಂಚು, ಫುಲ್ ಎಚ್‌ಡಿ’ ಎಂಬಷ್ಟನ್ನೇ ಬರೆದು, ಬೆಳಕು 250 ನಿಟ್ಸ್, ಬಣ್ಣದ ವ್ಯಾಪ್ತಿ ಎನ್‌ಟಿಎಸ್‌ಸಿ ಮಾನದಂಡದ ಶೇ 45 ಎಂಬುದನ್ನು ಚಿಕ್ಕ ಅಕ್ಷರಕ್ಕೆ ತಳ್ಳುತ್ತಾರೆ. ಮದುವೆ ಆಲ್ಬಂ ವಿನ್ಯಾಸ ಮಾಡುವ ಸ್ಟುಡಿಯೊದವರಿಗೆ ಈ ಚಿಕ್ಕ ಅಕ್ಷರವೇ ಮುಖ್ಯ. ಇನ್ನು ‘ಮಿಲಿಟರಿ ಗ್ರೇಡ್’ ಎಂಬ ಮಾತು. ಎಂಐಎಲ್-ಎಸ್‌ಟಿಡಿ-810 ಎಂಬುದು ಅಮೆರಿಕ ಸೇನೆಯ ಪರೀಕ್ಷಾ ವಿಧಾನಗಳ ಕಡತ. ಯಾವ ಪರೀಕ್ಷೆ, ಎಷ್ಟು ಕಠಿಣವಾಗಿ ಎಂಬುದನ್ನು ಕಂಪನಿಯೇ ಆರಿಸಿಕೊಳ್ಳಬಹುದು. ಪ್ರಮಾಣಪತ್ರ ಕೊಡುವ ಸಂಸ್ಥೆ ಯಾವುದೂ ಇಲ್ಲ.

ಬ್ರ್ಯಾಂಡಿನ ಮಾತು ನಿಜವಾಗಿ ಬರುವುದು ಲ್ಯಾಪ್‌ಟಾಪ್ ಕೆಟ್ಟ ದಿನ. ಮಾಲು ಯಾರೇ ಮಾಡಲಿ, ವಾರಂಟಿಗೆ ಸಹಿ ಹಾಕುವುದು ಮುಚ್ಚಳದ ಮೇಲೆ ಹೆಸರಿರುವ ಕಂಪನಿ. ಸಾಮಾನ್ಯವಾಗಿ ಒಂದು ವರ್ಷದ ಆ ವಾರಂಟಿಯಲ್ಲಿ ಎರಡು ಬಗೆ: ತಂತ್ರಜ್ಞನೇ ಮನೆಗೆ ಬರುವ ಆನ್‌ಸೈಟ್, ಲ್ಯಾಪ್‌ಟಾಪನ್ನು ನಾವೇ ಸರ್ವಿಸ್ ಸೆಂಟರಿಗೆ ಹೊತ್ತೊಯ್ಯಬೇಕಾದ ಕ್ಯಾರಿ ಇನ್. ಬೆಂಗಳೂರಿನಲ್ಲಿರುವವರಿಗೆ ಎರಡರ ನಡುವೆ ಆಟೊ ಬಾಡಿಗೆಯಷ್ಟು ವ್ಯತ್ಯಾಸ. ಶಿರಸಿಯಲ್ಲೋ ಸಿಂಧನೂರಿನಲ್ಲೋ ಇರುವವರಿಗೆ ಕ್ಯಾರಿ ಇನ್ ಎಂದರೆ ಬಸ್ಸು ಹತ್ತಿ ದೊಡ್ಡ ಊರಿಗೆ ಎರಡು ಸಲ ಹೋಗಿಬರುವ ಕೆಲಸ. ಆನ್‌ಸೈಟ್ ಎಂದು ಬರೆದಿದ್ದರೂ ಅದು ತಮ್ಮ ಪಿನ್‌ಕೋಡಿಗೆ ಅನ್ವಯಿಸುತ್ತದೆಯೇ ಎಂದು ಕೊಳ್ಳುವ ಮುಂಚೆಯೇ ಕಂಪನಿಯ ಸಹಾಯವಾಣಿಯಲ್ಲಿ ಕೇಳಬಹುದು. ಬಿದ್ದು ಒಡೆದದ್ದು, ನೀರು ಚೆಲ್ಲಿದ್ದು ಮಾಮೂಲಿ ವಾರಂಟಿಗೆ ಬರುವುದಿಲ್ಲ. ಅದಕ್ಕೆ ಆಕ್ಸಿಡೆಂಟಲ್ ಡ್ಯಾಮೇಜ್ ಎಂಬ ಪ್ರತ್ಯೇಕ ರಕ್ಷಣೆಯನ್ನು ಹಣ ಕೊಟ್ಟು ಸೇರಿಸಿಕೊಳ್ಳಬೇಕು. ಹಾಸ್ಟೆಲಿಗೆ ಹೊರಟ ಹುಡುಗರಿಗೆ ಇದು ದುಬಾರಿ ಮಾದರಿಗಿಂತ ಉಪಯುಕ್ತ. ಸರ್ವಿಸ್ ವಿಚಾರದಲ್ಲಿ ರಾಷ್ಟ್ರಮಟ್ಟದ ಹೆಸರಿಗಿಂತ ಊರಿನ ಫ್ರಾಂಚೈಸಿಯ ನಡವಳಿಕೆಯೇ ನಿರ್ಣಾಯಕ. ಶಿವಮೊಗ್ಗದಲ್ಲಿ ಚೆನ್ನಾಗಿ ನೋಡಿಕೊಳ್ಳುವ ಕಂಪನಿ ಕಲಬುರಗಿಯಲ್ಲೂ ಹಾಗೇ ಇರುತ್ತದೆಂದು ಹೇಳಲಾಗದು.

ವಾರಂಟಿ ಮುಗಿದ ಮೇಲೆ ಪ್ರಶ್ನೆ ಬಿಚ್ಚಿ ಜೋಡಿಸಲು ಬರುತ್ತದೆಯೇ ಎಂಬುದು. ಆಪಲ್‌ನ ಎಂ ಸರಣಿಯ ಮ್ಯಾಕ್‌ಬುಕ್‌ಗಳಲ್ಲಿ ರ‍್ಯಾಮ್ ಪ್ರೊಸೆಸರ್‌ನ ಜೊತೆಗೇ ಕೂಡಿಕೊಂಡಿದೆ. ಮುಂದೆ ಹೆಚ್ಚಿಸಲು ಬರುವುದಿಲ್ಲ. ವಿಂಡೋಸ್‌ನ ತೆಳ್ಳನೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲೂ ರ‍್ಯಾಮ್ ಬೋರ್ಡಿಗೆ ಬೆಸೆದೇ ಬರುತ್ತದೆ. ಆಪಲ್ 2024ರ ಅಕ್ಟೋಬರ್‌ನಿಂದ ಮ್ಯಾಕ್‌ಬುಕ್ ಏರ್‌ಗೆ ಕನಿಷ್ಠ 16 ಜಿಬಿ ಕೊಡುತ್ತಿದೆ, ಅದಕ್ಕೆ ಮುಂಚಿನ 8 ಜಿಬಿಯವು ಅಷ್ಟರಲ್ಲೇ ಜೀವನ ಪೂರ್ತಿ ಕಳೆಯಬೇಕು. ಫ್ರಾನ್ಸ್ 2021ರಿಂದ ಲ್ಯಾಪ್‌ಟಾಪ್‌ಗಳಿಗೆ ದುರಸ್ತಿ ಸುಲಭವೇ ಎಂಬ ಅಂಕ ಹಾಕಿ ಅಂಗಡಿಯಲ್ಲೇ ತೋರಿಸುವುದನ್ನು ಕಡ್ಡಾಯ ಮಾಡಿದೆ. ಭಾರತದಲ್ಲಿ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಜಾಲತಾಣ ಬಂದಿದೆ, ಅಂಗಡಿಯ ಚೀಟಿಯ ಮೇಲೆ ಅಂಕ ಇನ್ನೂ ಬಂದಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಬ್ರ್ಯಾಂಡಿಗಿಂತ ಮುಂಚೆ ತೀರ್ಮಾನವಾಗಬೇಕಾದ ಸಂಗತಿ ಆಪರೇಟಿಂಗ್ ಸಿಸ್ಟಮ್. ಮ್ಯಾಕ್ ಮತ್ತು ವಿಂಡೋಸ್ ಎರಡರಲ್ಲೂ ಯೂನಿಕೋಡ್ ಕನ್ನಡ ಸಲೀಸು. ಆದರೆ ಕನ್ನಡ ಗಣಕ ಪರಿಷತ್ತಿನ ನುಡಿ ವಿಂಡೋಸ್‌ನ ತಂತ್ರಾಂಶ. ಪೇಜ್‌ಮೇಕರ್‌ನಲ್ಲಿ ನುಡಿ, ಶ್ರೀಲಿಪಿ ಫಾಂಟ್ ಹಾಕಿ ಪುಟ ಕಟ್ಟಿದ ಹಳೆಯ ಕಡತಗಳ ರಾಶಿ ಇರುವ ಮುದ್ರಣಾಲಯ ಹೊಸದಾಗಿ ಮ್ಯಾಕ್‌ಬುಕ್ ತಂದಿಟ್ಟರೆ ಕೆಲಸ ನಿಲ್ಲುತ್ತದೆ. ಅಗ್ಗದ ಹಾದಿ ಹುಡುಕುವವರಿಗೆ ಲಿನಕ್ಸ್ ಇದೆ. 2025ರ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರದ ಕಿಯೋನಿಕ್ಸ್, ಉಬುಂಟು ಆಧಾರಿತ ವ್ಯವಸ್ಥೆ ಮತ್ತು ರಿಸ್ಕ್-ವಿ ಪ್ರೊಸೆಸರ್ ಇರುವ ಕಿಯೊ ಎಂಬ ಪುಟ್ಟ ಪಿಸಿಯನ್ನು ₹18,999ಕ್ಕೆ ಪ್ರಕಟಿಸಿತು. ವಿಂಡೋಸ್‌ನ ತಂತ್ರಾಂಶಗಳನ್ನೇ ನಂಬಿದವರಿಗೆ ಇದು ಒದಗುವುದಿಲ್ಲ. ಬ್ರೌಸರ್, ಪಾಠ, ಪ್ರೋಗ್ರಾಮಿಂಗ್ ಕಲಿಕೆಯಷ್ಟೇ ಇದ್ದವರು ಯೋಚಿಸಬಹುದು.

ಮೇಜಿನ ಮೇಲೆಯೇ ಕೂತಿರುವ ಕಂಪ್ಯೂಟರ್ ಸಾಕೆನ್ನುವವರು ಕಂಪನಿಯ ಹಂಗನ್ನೇ ಬಿಡಬಹುದು. ಬೆಂಗಳೂರಿನ ಎಸ್.ಪಿ. ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್‌ಗಳಲ್ಲಿ ಬಿಡಿಭಾಗ ಕೊಂಡು ಅಸೆಂಬಲ್ ಮಾಡಿಸಬಹುದು. ಇಲ್ಲಿ ವಾರಂಟಿ ಇಡೀ ಸಿಸ್ಟಮ್‌ಗೆ ಬರದೆ ಭಾಗಭಾಗಕ್ಕೆ ಬರುತ್ತದೆ: ಪೆಟ್ಟಿಗೆಯ ಪ್ರೊಸೆಸರ್‌ಗೆ ಮತ್ತು ಸಾಮಾನ್ಯವಾಗಿ ಮದರ್‌ಬೋರ್ಡ್‌ಗೆ ಮೂರು ವರ್ಷ, ಒಳ್ಳೆಯ ಎಸ್‌ಎಸ್‌ಡಿಗೆ ಐದು ವರ್ಷ. ಸಿದ್ಧ ಲ್ಯಾಪ್‌ಟಾಪಿನ ಒಂದು ವರ್ಷಕ್ಕೆ ಹೋಲಿಸಿದರೆ ಇದು ಲಾಭ. ತೊಂದರೆಯೆಂದರೆ ಸಿಸ್ಟಮ್ ಆನ್ ಆಗದಿದ್ದರೆ ಯಾವ ಭಾಗದ ತಪ್ಪೆಂದು ಪತ್ತೆ ಹಚ್ಚಿ ಆಯಾ ಕಂಪನಿಗೆ ಕಳಿಸುವ ಹೊಣೆ ಗಿರಾಕಿಯದೋ ಜೋಡಿಸಿಕೊಟ್ಟವನದೋ ಆಗಿರುತ್ತದೆ. ಹಣ ಉಳಿಸಲು, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಲ್ಲಿ ಕೈ ಬಿಗಿ ಹಿಡಿದವರಿಗೆ ಈ ಅಲೆದಾಟ ಹೆಚ್ಚು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಇಂಟೆಲ್‌ನಲ್ಲಾದರೆ ಸುಮಾರಾಗಿ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಕಂಪನಿಗಳು ಬಳಸಿ ಹೊರಹಾಕಿದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳನ್ನು ರಿಫರ್ಬಿಷ್ಡ್ ಎಂದು ಮಾರುವ ಅಂಗಡಿಗಳಲ್ಲಿ ಕೊಳ್ಳುವವರು ಈ ಗೆರೆಯನ್ನು ನೆನಪಿಡಬೇಕು.

ಅದೇ ಹೊತ್ತಿಗೆ ರ‍್ಯಾಮ್ ಬೆಲೆ ಏರತೊಡಗಿತು. ಎಐ ಡೇಟಾ ಸೆಂಟರ್‌ಗಳ ಬೇಡಿಕೆ ಮೆಮೊರಿ ಚಿಪ್‌ಗಳನ್ನು ನುಂಗುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಬಿಡಿ ಡಿಡಿಆರ್5 ರ‍್ಯಾಮ್‌ನ ಬೆಲೆ ಎರಡು ಪಟ್ಟಿಗೂ ಹೆಚ್ಚಾಯಿತು. ಮೈಕ್ರಾನ್ ಡಿಸೆಂಬರ್‌ನಲ್ಲಿ ಸಾಮಾನ್ಯ ಗಿರಾಕಿಗಳಿಗೆ ಮಾರುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಹೇಳಿತು. ‘ಈಗ 8 ಜಿಬಿ ಇರಲಿ, ಆಮೇಲೆ ಹಾಕಿಸಿದರಾಯ್ತು’ ಎಂಬ ಹಳೆಯ ಲೆಕ್ಕ ಇದರಿಂದ ತಲೆಕೆಳಗಾಗಿದೆ; 16 ಜಿಬಿ ಇರುವುದನ್ನು ಮೊದಲೇ ಆರಿಸಿ, ಇನ್ನೊಂದು ಸ್ಲಾಟ್ ಖಾಲಿ ಇದೆಯೇ ಎಂದು ನೋಡಿಕೊಳ್ಳುವುದು ಲೇಸು.

ಎಲ್ಲ ತೂಗಿ ನೋಡಿ ಆರಿಸಿದ ಮೇಲೂ ಕೌಂಟರ್ ಬಿಡುವ ಮುಂಚೆ ಮಾಡುವ ಕೆಲಸ ಒಂದಿಷ್ಟಿದೆ. ಶೇ 18ರ ಜಿಎಸ್‌ಟಿ ನಮೂದಿಸಿದ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡು, ಅದು ಪೆಟ್ಟಿಗೆಯ ಮೇಲಿನದಕ್ಕೂ ಲ್ಯಾಪ್‌ಟಾಪಿನ ಅಡಿಯಲ್ಲಿರುವುದಕ್ಕೂ ತಾಳೆಯಾಗುತ್ತದೆಯೇ ನೋಡಬೇಕು. ಅದೇ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿದರೆ ವಾರಂಟಿ ಎಂದಿನಿಂದ ಎಂದಿನವರೆಗೆ, ಆನ್‌ಸೈಟೋ ಅಲ್ಲವೋ ಎಂಬುದು ಕಾಣುತ್ತದೆ. ಡೀಲರ್ ಬಳಿ ತಿಂಗಳುಗಟ್ಟಲೆ ಕೂತ ಮಾಲಾದರೆ ವಾರಂಟಿ ಆಗಲೇ ಓಡಲು ಶುರುವಾಗಿರುವುದುಂಟು. ಬಿಲ್ ಕಳಿಸಿ ದಿನಾಂಕ ತಿದ್ದಿಸಿಕೊಳ್ಳುವ ಅವಕಾಶವನ್ನು ದೊಡ್ಡ ಕಂಪನಿಗಳು ಕೊಡುತ್ತವೆ. ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಲ್ಲಿಗೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ.